ಹೆಸರು ಕೂಗಿ ಮದ್ದು ಹಚ್ಚುತ್ತಿದ್ದ ಕಾಲ

ಹೊಸ ಗಣಿ ಕಾಯಿದೆ ನಮ್ಮ ಗುಡ್ಡಕ್ಕೆ ಬರುವ ಹಿಂದಿನ ದಿನ. ಎಂದಿನಂತೆ ಊಟದ ಹೊತ್ತಿಗೆ ಮುಂಚೆ ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಮರದ ಕೋಲಿನಿಂದ ಜೇಡಿಮಣ್ಣು ಮೆತ್ತಿ, ಬತ್ತಿಯ ತುದಿ ಹಿಡಿದು ಕುಳಿತಿದ್ದೆ. ನನ್ನ ಹೆಂಡತಿ ಹಾಲಮ್ಮ ಮೇಲಿನ ಕಲ್ಲು ಹತ್ತಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಲು ಶುರು ಮಾಡಿದಳು.

"ಲೇ ಗಂಗಣ್ಣಾ, ಎಮ್ಮೆ ಹೊಡ್ಕೊಂಡು ಅತ್ಲಾಗ್ ಹೋಗೋ! ನೀನ್ ಸಿಡ್ದೋದ್ರೆ ಪರವಾಗಿಲ್ಲ, ಎಮ್ಮೆ ಹಾಲ್ ಕೊಡುತ್ತೆ!"

"ಓ..." ಎಂದು ಗಂಗಣ್ಣನ ದನಿ ಹಳ್ಳದ ಕಡೆಯಿಂದ ಬಂತು.

"ಪುಟ್ಟವ್ವಾ, ಹುಲ್ಲು ಸಾಕು ಕಣೇ! ನಿಮ್ಮತ್ತೆ ಹಸಾನ ನೋಡ್ಕೊಂಡಂಗೆ ನಿನ್ನ ನೋಡ್ಕಳಲ್ಲ. ಎದ್ದು ಓಡು!"

"ಓ... ಓಡ್ದೆ ಕಣಕ್ಕಾ!"

ಹೀಗೆ ಗುಡ್ಡದ ಇಳಿಜಾರಿನಲ್ಲಿ ಸೌದೆಗೆ ಬಂದವರು, ದನ ಬಿಟ್ಟವರು, ಸೀತಾಫಲ ಕದಿಯಲು ಬಂದವರು ಎಲ್ಲರ ಹೆಸರೂ ಆಗುತ್ತಿತ್ತು. ಯಾರು ಎಲ್ಲಿದ್ದಾರೆಂದು ಅವಳಿಗೆ ಗೊತ್ತಿರುತ್ತಿತ್ತು. ಬೆಳಗ್ಗೆ ಬುಟ್ಟಿ ಹೊತ್ತು ಬರುವಾಗಲೇ ಎಲ್ಲರನ್ನೂ ಮಾತಾಡಿಸಿಕೊಂಡು, ಅರ್ಧ ಜನರನ್ನು ಬೈದುಕೊಂಡು ಬರುತ್ತಿದ್ದಳಲ್ಲ. ಕರೆದವರೆಲ್ಲ ಓಗೊಟ್ಟ ಮೇಲೆ ಸೆರಗು ಬಿಚ್ಚಿ ಬೀಸುತ್ತಿದ್ದಳು. ಆಗ ನಾನು ಬತ್ತಿ ಹಚ್ಚಿ ಓಡುತ್ತಿದ್ದೆ. ಇಷ್ಟೇ ನಮ್ಮ ಕಾಯಿದೆ.

ಈಗ ಗಣಿ ಕೆಲಸಕ್ಕೆ ಸೇರುತ್ತಿರುವ ಹುಡುಗರು ಕೆಲವರು, "ಯಜಮಾನ್ರೇ, ನಿಮ್ಮ ಕಾಲ್ದಾಗೆ ಹೆಂಗಿತ್ತು?" ಎಂದು ಕೇಳುತ್ತಾರೆ. ನಾನು ಹೆಚ್ಚು ಮಾತಾಡುವವನಲ್ಲ. ಮನೆಯಲ್ಲಿ ಮಾತು ಹಾಲಮ್ಮನ ಪಾಲಿಗಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ಮಾತೇ ಇಲ್ಲವಾಗಿ, ಬರೆಯೋಣವೆನ್ನಿಸಿತು. ಕೂಲಿಯಿಂದ ಮೇಸ್ತ್ರಿ ಹೇಗಾದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಎಲ್ಲರೂ ಹೇಗೋ ಆಗುತ್ತಾರೆ.

ನಮ್ಮದು ಬುಕ್ಕಾಂಬುಧಿ ಕೆರೆಯ ಮೇಲ್ಗಡೆಯ ಗುಡ್ಡ. ಅಲ್ಲಿ ಅಗೆಯುತ್ತಿದ್ದದ್ದು ಮ್ಯಾಂಗನೀಸು. ಗಾಡಿಗಳಲ್ಲಿ ಅಜ್ಜಂಪುರದ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ, ಎಲ್ಲಿಗೋ ಹೋಗುತ್ತಿತ್ತು. ಊರವರು ಅದನ್ನು ಕರಿಕಲ್ಲು ಅನ್ನುತ್ತಿದ್ದರು. ಆದರೆ ನನ್ನ ಅಣ್ಣನ ಹೆಸರು ಕರಿಬಸಪ್ಪ. ಗಂಡನ ಅಣ್ಣನ ಹೆಸರು ಹೆಂಗಸರ ಬಾಯಲ್ಲಿ ಬರಕೂಡದು. ಹಾಲಮ್ಮ ಈ ವಿಷಯದಲ್ಲಿ ಅವರಮ್ಮನಿಗಿಂತ ಒಂದು ಕೈ ಮೇಲು. ಭಾವನ ಪೂರ್ತಿ ಹೆಸರಿರಲಿ, ಅದರ ತುಂಡನ್ನೂ ಆಡುತ್ತಿರಲಿಲ್ಲ. ಕರಿ ಎಮ್ಮೆ ಅವಳ ಬಾಯಲ್ಲಿ "ಇದ್ಲು ಬಣ್ಣದ್ದು". ಬಸವಣ್ಣ ಅವಳಿಗೆ "ಗುಡಿ ಮುಂದೆ ಕೂತಿರೋ ಸ್ವಾಮಿ". ಗುಡ್ಡದ ಕರಿಕಲ್ಲನ್ನು ಅವಳು "ಕಾಗೆಕಲ್ಲು" ಎಂದಳು. ಬುಟ್ಟಿ ಹೊರುವ ಹೆಂಗಸರೆಲ್ಲ ಅದನ್ನೇ ಹಿಡಿದರು, ಆಮೇಲೆ ಗಾಡಿಯವರು, ಆಮೇಲೆ ಸ್ಟೇಷನ್ನಿನ ಹಮಾಲರು. ಕೊನೆಗೆ ನಮ್ಮ ಮ್ಯಾನೇಜರು ರಂಗರಾಯರೂ ಒಂದು ದಿನ ಮರೆತು, "ಇವತ್ತು ಕಾಗೆಕಲ್ಲು ಎಷ್ಟು ಗಾಡಿ ಹೋಯಿತು?" ಎಂದು ಕೇಳಿ, ತಾವೇ ಪೇಟ ತೆಗೆದು ತಲೆ ಕೆರೆದುಕೊಂಡರು.

ರಂಗರಾಯರು ಒಳ್ಳೆಯವರು. ಗಾಬರಿಯಾದಾಗ ಪೇಟ ತೆಗೆಯುವುದು ಅವರ ಅಭ್ಯಾಸ. ಊರವರ ದೆಸೆಯಿಂದ ಅವರ ಪೇಟ ತಲೆಯ ಮೇಲಿದ್ದ ಹೊತ್ತು ಕಡಿಮೆ. ಒಮ್ಮೆ ಕೆಳಕೇರಿಯ ಹೆಂಗಸರು ಗುಂಪುಗೂಡಿ ಬಂದರು. ಕಾವಿಗೆ ಕೂತ ಕೋಳಿಗಳ ಮೊಟ್ಟೆ ನಮ್ಮ ಸಿಡಿತದ ಸದ್ದಿಗೆ ಕೆಟ್ಟು ಹೋಗುತ್ತವಂತೆ. ಗುಡುಗಿಗೆ ಕೆಡುವುದಿಲ್ಲವೇ, ಹಾಗೆ.

"ಗುಡುಗಿಗೆ ಯಾರ ಹತ್ತಿರ ಹೋಗಿ ಕೇಳ್ತೀರಮ್ಮ?" ಎಂದರು ರಂಗರಾಯರು.

"ಗುಡುಗು ಮಳೆ ಕೊಡುತ್ತೆ ಸ್ವಾಮಿ. ನೀವೇನ್ ಕೊಡ್ತೀರಿ?" ಎಂದಳು ಒಬ್ಬಳು.

ರಾಯರ ಪೇಟ ಕೈಗೆ ಬಂತು. ಹಾಲಮ್ಮ ನಡುವೆ ನುಗ್ಗಿ, "ಗುಡುಗಿಗೆ ಬುಟ್ಟೀಲಿ ಕಬ್ಬಿಣದ ಚೂರು ಇಡಲ್ವೇನ್ರೇ? ಇದಕ್ಕೂ ಇಡಿ" ಎಂದಳು. ಹೆಂಗಸರು ಒಪ್ಪಿ ಹೋದರು. ಆಮೇಲೆ ಕೆಲವು ತಿಂಗಳು ಕೊರೆಯುವ ಸಲಾಕೆಯ ಮುರಿದ ಮೊನೆಗಳು ಎಲ್ಲಿ ಮಾಯವಾಗುತ್ತವೆಂದು ರಾಯರು ತಲೆ ಕೆಡಿಸಿಕೊಂಡರು. ಊರಿನ ಎಲ್ಲ ಕೋಳಿಗಳೂ ಗಣಿಯ ಉಕ್ಕಿನ ಮೇಲೆ ಕೂತಿದ್ದವು.

ಇಂಥ ಹೊತ್ತಿನಲ್ಲಿ ಕಾಯಿದೆ ಬಂತು. ಅದನ್ನು ತಂದವರು ಹೊಸ ಇನ್‌ಸ್ಪೆಕ್ಟರು, ಹ್ಯಾಟು ಹಾಕಿದ ಚಿಕ್ಕ ವಯಸ್ಸಿನವರು. ಅಜ್ಜಂಪುರದಿಂದ ಎತ್ತಿನ ಗಾಡಿಯಲ್ಲಿ ಬಂದು ಇಳಿಯುವಾಗಲೇ ಅವರ ಬೂಟಿಗೆ ಕೆಸರು ಮೆತ್ತಿತ್ತು. ರಂಗರಾಯರು ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಇನ್‌ಸ್ಪೆಕ್ಟರು ಕನ್ನಡದಲ್ಲೇ ಹೇಳಿದರು: ಮದ್ದು ಹಚ್ಚುವವನಿಗೆ ಸರ್ಟಿಫಿಕೇಟು ಇರಬೇಕು. ಮದ್ದನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಬೇಕು. ಹಚ್ಚುವ ಮುಂಚೆ ತಮಟೆ ಬಡಿದು ಎಚ್ಚರಿಸಬೇಕು, ಕೆಂಪು ಬಾವುಟ ನೆಡಬೇಕು. ಮದ್ದು ಹಚ್ಚುವ ಜಾಗದ ಸುತ್ತ ಗಡಿ ಹಾಕಿ, ಅದರೊಳಗೆ ಹೆಂಗಸರನ್ನೂ ಮಕ್ಕಳನ್ನೂ ಬಿಡಬಾರದು.

ಕಾಯಿದೆ ತಪ್ಪೆಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ನಮ್ಮ ಮನೆಯ ಅಟ್ಟದಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕದಲ್ಲಿ, ಮದ್ದಿನ ಡಬ್ಬ ಇರುತ್ತಿತ್ತು. ಬುಟ್ಟಿ ಹೊರುವ ಹೆಂಗಸರು ಹಳ್ಳದಂಚಿನಲ್ಲೇ ಕೂಸು ಮಲಗಿಸುತ್ತಿದ್ದರು. ಹಾಲಮ್ಮನ ಕೂಗಿನಲ್ಲೂ ಒಂದು ದೋಷವಿತ್ತು. ಯಾರ ಮೇಲಾದರೂ ಮುನಿಸಿಕೊಂಡಿದ್ದರೆ ಅವರ ಹೆಸರು ಕರೆಯುತ್ತಿರಲಿಲ್ಲ. "ಪುಟ್ಟವ್ವಾ, ನಿನ್ ಪಕ್ಕದಲ್ಲಿ ಮೂತಿ ತಿರುವ್ಕೊಂಡು ಕೂತವ್ಳಲ್ಲ, ಅವ್ಳಿಗೂ ಹೇಳು" ಎನ್ನುತ್ತಿದ್ದಳು. ಪುಟ್ಟವ್ವನ ಮೇಲೂ ಮುನಿಸಿದ್ದರೆ ಏನು ಗತಿ? ದೇವರು ಕಾಪಾಡುತ್ತಿದ್ದ.

ಕಾಯಿದೆ ಓದಿದ ಮೇಲೆ ಹಾಲಮ್ಮನನ್ನು ಕಲ್ಲಿನಿಂದ ಇಳಿಸಿ, ಗುಡ್ಡದ ಬುಡದಲ್ಲಿ ಅದಿರು ಆರಿಸುವ ಹೆಂಗಸರ ಜೊತೆ ಕೂರಿಸಿದರು. ಅವಳು ಸಂಜೆ ಮನೆಗೆ ಬಂದು ಒಂದು ಮಾತೂ ಆಡಲಿಲ್ಲ. ನಮ್ಮ ಮದುವೆಯಾದ ಮೇಲೆ ಅಂಥದ್ದು ಆದದ್ದು ಅದೇ ಮೊದಲು. ಕೊನೆಗೆ ಮುದ್ದೆ ಮುರಿಯುತ್ತಾ, "ಇಗಾ ಕೇಳಿಸ್ತಾ? ನಾಳೆ ಯಾರಾದ್ರೂ ಅಲ್ಲಿ ಮಲಗಿದ್ರೆ ನಿಮ್ಗೆ ಹೆಂಗ್ ಗೊತ್ತಾಗುತ್ತೆ?" ಎಂದಳು.

"ತಮಟೆ ಬಡೀತಾರಲ್ಲ."

"ತಮಟೆ ಬಡುದ್ರೆ ಗೊತ್ತಾಗೋದು ಮಲಗಿರೋನ್ಗೆ. ನಿಮ್ಗೆ ಹೆಂಗ್ ಗೊತ್ತಾಗುತ್ತೆ ಅಂತ ಕೇಳಿದ್ದು."

ಅಲ್ಲಿಯವರೆಗೆ ನಾನು ಗುಡ್ಡ ಓಗೊಟ್ಟ ಮೇಲೆ ಬೆಂಕಿ ಹಚ್ಚಿದವನು. ಇನ್ನು ಮೇಲೆ ಓಗೊಡದ ಗುಡ್ಡಕ್ಕೆ ಹಚ್ಚಬೇಕಿತ್ತು. ಯಾರಾದರೂ ಸತ್ತರೆ ಕೈ ನನ್ನದು. ಅವಳಿಗೆ ಆ ಕಲ್ಲು ಬೇಕಾಗಿತ್ತು, ನನಗೆ ಆ ಓಗೊಡುವ ದನಿಗಳು ಬೇಕಾಗಿದ್ದವು.

ಮಾರನೆಯ ದಿನ ತಮಟೆಯ ಹನುಮಯ್ಯ ಬಂದ. ಸುತ್ತ ಹಳ್ಳಿಗಳಲ್ಲಿ ಅವನಷ್ಟು ಚೆನ್ನಾಗಿ ತಮಟೆ ಬಡಿಯುವವರು ಇರಲಿಲ್ಲ. ಅದೇ ತೊಂದರೆಯಾಯಿತು. ಅವನು ತಮಟೆ ಕಾಯಿಸಿ ಎರಡು ವರಸೆ ಬಡಿದನೋ ಇಲ್ಲವೋ, ಇಳಿಜಾರಿನಲ್ಲಿದ್ದವರೆಲ್ಲ ಗುಡ್ಡ ಹತ್ತಿ ನಮ್ಮ ಹತ್ತಿರವೇ ಓಡಿ ಬಂದರು. ಹೊಲದಲ್ಲಿದ್ದವರು ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದರು. ಅಮಲ್ದಾರರು ಬಂದಿದ್ದಾರೆಂದು ಕೆಲವರು, ಸರ್ಕಾರಿ ಕಾವಲಿನ ಹುಲ್ಲು ಹರಾಜೆಂದು ಕೆಲವರು, ಅನ್ನಸಂತರ್ಪಣೆಯೆಂದು ಒಬ್ಬ ಮುದುಕ. ಅವನು ಮುತ್ತುಗದ ಎಲೆ ಕಿತ್ತುಕೊಂಡೇ ಬಂದಿದ್ದ. ನಾನು ಮದ್ದು ತುಂಬಿದ ತೂತುಗಳ ಮುಂದೆ ಕೈ ಅಗಲಿಸಿ ನಿಂತು, "ಹೋಗ್ರಪ್ಪಾ, ಹೋಗ್ರಪ್ಪಾ" ಎಂದೆ.

"ಕರೆದೋನು ನೀನೇ, ಹೋಗು ಅನ್ನೋನೂ ನೀನೇ. ಏನೋ ಸಿದ್ರಾಮಾ ಇದು?" ಎಂದ ಗಂಗಣ್ಣ.

"ಕಾಯಿದೆ."

"ಇಂಥಾ ಕಾಯಿದೆ ಮಾಡಿದೋನು ತಮಟೆ ಕೇಳ್ದೋನೇ ಅಲ್ಲ ಬಿಡು."

ಹನುಮಯ್ಯ ಮುಖ ಸಪ್ಪಗೆ ಮಾಡಿಕೊಂಡು, "ಓಡ್ಸೋ ವರಸೆ ನಮ್ಮಪ್ಪ ಹೇಳ್ಕೊಟ್ಟಿಲ್ಲ ಸ್ವಾಮಿ. ನಮ್ದೆಲ್ಲಾ ಕರೆಯೋ ವರಸೇನೇ" ಎಂದ. ರಂಗರಾಯರು ಪೇಟ ತೆಗೆದರು.

ಬಾವುಟದ ಕತೆ ಇನ್ನೂ ಚಂದ. ಹಾಲಮ್ಮ ನಿಲ್ಲುತ್ತಿದ್ದ ಕಲ್ಲಿನ ಪಕ್ಕದಲ್ಲೇ ಕೆಂಪು ಬಾವುಟ ನೆಟ್ಟರು. ಆ ವಾರವೇ ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದರು. ಮುಂದಿನ ವಾರ ತೆಂಗಿನಕಾಯಿ ಚಿಪ್ಪುಗಳು ಬಿದ್ದಿದ್ದವು. ಚೌಳಹಿರಿಯೂರಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಒಂದು ಮನೆಯವರು, "ಹೊಸ ಅಮ್ಮ ಎದ್ದವ್ಳಂತೆ, ಎಲ್ಲಿ ಸ್ವಾಮಿ?" ಎಂದು ರಾಯರನ್ನೇ ಕೇಳಿದರು. ಇದರ ಹಿಂದೆ ಹಾಲಮ್ಮನ ಕೈ ಇದೆಯೆಂದು ನನಗೆ ಗುಮಾನಿ. ಕೇಳಿದ್ದಕ್ಕೆ, "ನನ್ನ ಕಲ್ಲಿಗೆ ನಾನು ಕುಂಕುಮ ಇಟ್ರೆ ನಿಮ್ಗೇನು?" ಎಂದಳು.

ದಿನ ಕಳೆದಂತೆ ಜನ ತಮಟೆಗೆ ಬರುವುದು ಬಿಟ್ಟರು. ಅದು ಇನ್ನೂ ಕೆಟ್ಟದಾಯಿತು. ಈಗ ಅವರು ಬರಲೂ ಇಲ್ಲ, ಹೋಗಲೂ ಇಲ್ಲ. ತಮಟೆ ಅದರ ಪಾಡಿಗೆ, ಜನ ಅವರ ಪಾಡಿಗೆ. ನಾನು ಪ್ರತಿ ಸಲವೂ ಬತ್ತಿ ಹಿಡಿದು, ಇಳಿಜಾರನ್ನು ಒಂದು ಸುತ್ತು ನಡೆದು ನೋಡಿ, ಮತ್ತೆ ಬಂದು, ಮತ್ತೆ ಅನುಮಾನ ಬಂದು, ಮತ್ತೆ ಹೋಗುತ್ತಿದ್ದೆ. ಕೆಲಸ ಅರ್ಧವಾಯಿತು. ರಾಯರು ಬೈದರು.

ಊರ ಹಿರಿಯರು ಕೂಡಿ ರಾಯರ ಹತ್ತಿರ ಬಂದದ್ದು ಆಗ. ತೆಂಗಿನ ತೋಟದ ರುದ್ರಪ್ಪಗೌಡರು ಮುಂದಾಳು. "ರಾಯರೇ, ಮದ್ವೆಗಾದ್ರೂ ನಾವು ಮನೆಮನೆಗೆ ಹೋಗಿ ಹೆಸ್ರು ಹಿಡ್ದು ಕರೀತೀವಿ. ಜೀವ ಉಳಿಸ್ಕಳ್ರಪ್ಪಾ ಅನ್ನೋದಕ್ಕೆ ತಮಟೇಲಿ ಹೇಳ್ತೀರಾ? ನಾವೇನು ದನಾನಾ? ಆ ಹೆಣ್ಮಗ್ಳು ಕೂಗ್ಲಿ. ಇಲ್ದಿದ್ರೆ ನಮ್ಮ ಹೊಲದ ದಾರೀಲಿ ನಿಮ್ಮ ಗಾಡಿ ಹೋಗೋದು ಬೇಡ."

ರಾಯರು ಇನ್‌ಸ್ಪೆಕ್ಟರಿಗೆ ಬರೆದರು. ಇನ್‌ಸ್ಪೆಕ್ಟರು ಸಿಟ್ಟಾಗುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಅವರು ತಾವೇ ಬಂದರು. ಗೌಡರ ಮಾತನ್ನೂ ನನ್ನ ಮಾತನ್ನೂ ಕೇಳಿಸಿಕೊಂಡು, "ಒಂದು ದಿನ ಪರೀಕ್ಷೆ ಮಾಡಿ ನೋಡೋಣ. ಆಕೆ ಗಡಿಯ ಆಚೆ ನಿಂತು ಕರೆಯಲಿ. ಎಲ್ಲರೂ ಓಗೊಟ್ಟ ಮೇಲೆ ತಮಟೆ, ಆಮೇಲೆ ಬಾವುಟ, ಆಮೇಲೆ ಬೆಂಕಿ. ಒಬ್ಬರು ತಪ್ಪಿದರೂ ಈ ಪದ್ಧತಿಗೆ ನಾನು ಒಪ್ಪುವುದಿಲ್ಲ" ಎಂದರು.

ಹಾಲಮ್ಮ ಅವತ್ತು ಮದುವೆಮನೆಗೆ ಹೊರಟವಳ ಹಾಗೆ ಸೀರೆ ಉಟ್ಟು ಬಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಅಣ್ಣ ಕರಿಬಸಪ್ಪ ಬಹಳ ವರ್ಷ ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ದನ ಕಾಯುವ ಕೆಲಸದಲ್ಲಿದ್ದ. ಆ ವರ್ಷ ಕೆಲಸ ಬಿಟ್ಟು ಮನೆಗೆ ಬಂದು ಒಂದು ಎಮ್ಮೆ ಕಟ್ಟಿದ್ದ. ಸರ್ಕಾರದ ದನ ಕಾದವನು ಎಂಬ ಗತ್ತು. ಯಾರೇ ಕರೆದರೂ ಬರಿದೇ "ಓ" ಎಂದವನಲ್ಲ. "ಏನದು? ಯಾಕೆ? ಯಾರು ಹೇಳಿದ್ದು?" ಎಂದು ಕೇಳದೆ ಅವನಿಗೆ ಓಗೊಡಲು ಬರುತ್ತಿರಲಿಲ್ಲ. ಅವತ್ತು ಅವನು ಎಮ್ಮೆ ಬಿಟ್ಟುಕೊಂಡು, ನಾವು ಮದ್ದು ತುಂಬಿದ್ದ ಜಾಗದ ಕೆಳಗೇ ಒಂದು ಬಂಡೆಯ ನೆರಳಲ್ಲಿ ಕಂಬಳಿ ಹೊದ್ದು ಮಲಗಿದ್ದ. ಅವನು ಆ ಇಳಿಜಾರಿಗೆ ಬಂದಿದ್ದಾನೆಂದು ಹಾಲಮ್ಮನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಹಾಲಮ್ಮ ಒಬ್ಬೊಬ್ಬರನ್ನೇ ಕರೆದಳು. ಇನ್‌ಸ್ಪೆಕ್ಟರ ಮುಂದೆ ಬೈಗುಳವನ್ನು ಸ್ವಲ್ಪ ಕಡಿಮೆ ಮಾಡಿದ್ದಳು. ಗಂಗಣ್ಣ ಓಗೊಟ್ಟ. ಪುಟ್ಟವ್ವ ಓಗೊಟ್ಟಳು. ಕೊನೆಗೆ ಉಳಿದವನು ನನ್ನ ಅಣ್ಣ. ಹಾಲಮ್ಮ ತಡವರಿಸಿದಳು. ಆಮೇಲೆ ಸೆರಗು ತಲೆಯ ಮೇಲೆಳೆದುಕೊಂಡು, "ಭಾವಾ!" ಎಂದು ಕೂಗಿದಳು.

"ಓ!" "ಓ..." "ಓ, ಹೇಳವ್ವಾ!" "ಓ!"

ಗುಡ್ಡದ ಸುತ್ತಲಿಂದ ನಾಲ್ಕಾರು ದನಿಗಳು ಬಂದವು. ನನಗಿಂತ ದೊಡ್ಡವರೆಲ್ಲ ಅವಳಿಗೆ ಭಾವಂದಿರೇ ತಾನೇ. ಇನ್‌ಸ್ಪೆಕ್ಟರು ತಲೆಯಾಡಿಸಿದರು. ಹನುಮಯ್ಯ ತಮಟೆಗೆ ಕೈ ಹಾಕಿದ. ಬಾವುಟ ಎದ್ದಿತು. ನಾನು ಬತ್ತಿಗೆ ಬೆಂಕಿ ತಾಗಿಸಿ, ಗಡಿಯ ಕಡೆ ಓಡಿದೆ.

ನಾನು ಹಾಲಮ್ಮನ ಹತ್ತಿರ ಬಂದಾಗ ಅವಳ ಮುಖ ಬೂದಿಯಾಗಿತ್ತು. "ನಿಲ್ಸಿ ಅಂತ ಕೂಗ್ದೆ, ತಮಟೇಲಿ ನಿಮ್ಗೆ ಕೇಳಿಸ್ಲಿಲ್ಲ. ಅದ್ರಾಗೆ ನಿಮ್ಮಣ್ಣೋರ ದನಿ ಇರ್ಲಿಲ್ಲ" ಎಂದಳು. "ಯಾಕೆ ಅಂತ ಯಾರೂ ಕೇಳ್ಲೇ ಇಲ್ಲ." ಅವಳು ಕೈ ತೋರಿಸಿದ ಕಡೆ ಅಣ್ಣನ ಎಮ್ಮೆ ಒಂದು ಬಂಡೆಯ ಪಕ್ಕ ನಿಂತು ಮೆಲುಕು ಹಾಕುತ್ತಿತ್ತು. ಬಂಡೆಯ ಬುಡದಲ್ಲಿ ಕಂಬಳಿಯ ಅಂಚು ಕಾಣುತ್ತಿತ್ತು. ನಾನು ಕೂಗಿದೆ. ಕೂಗಿ ಅಭ್ಯಾಸವಿಲ್ಲದ ನನ್ನ ಗಂಟಲಿನಿಂದ ಕೆಮ್ಮಿನಂಥ ಸದ್ದು ಬಂತು. ಹನುಮಯ್ಯ ಕಣ್ಣು ಮುಚ್ಚಿ ಬಡಿಯುತ್ತಿದ್ದ.

"ಭಾವಾ! ಎಮ್ಮೆ ಭಾವಾ! ಇದ್ಲು ಬಣ್ಣದೆಮ್ಮೆ ಭಾವಾ!" ಎಂದು ಹಾಲಮ್ಮ ಎರಡು ಸಲ ಕೂಗಿದಳು. ಕಂಬಳಿ ಅಲುಗಲಿಲ್ಲ. ಆಗ ಅವಳು ತಲೆಯ ಮೇಲಿನ ಸೆರಗನ್ನು ಕಿತ್ತೆಸೆದು, ಇಡೀ ಬುಕ್ಕಾಂಬುಧಿ ಕೆರೆಗೆ ಕೇಳುವ ಹಾಗೆ ಕೂಗಿದಳು:

"ಲೇ ಕರಿಬಸಪ್ಪಾ!"

ತಮಟೆ ನಿಂತಿತು. ಗುಡ್ಡವೇ ನಿಂತ ಹಾಗಾಯಿತು. ಕಂಬಳಿ ಎದ್ದು ಕೂತಿತು.

"ಯಾವಳೇ ಅವಳು?" ಎಂದು ಅಣ್ಣ ಕೋಲು ಹಿಡಿದು ನಮ್ಮ ಕಡೆಗೆ ದಾಪುಗಾಲು ಹಾಕುತ್ತಾ ಬಂದ. ಎಮ್ಮೆಯೂ ಅವನ ಹಿಂದೆ ಬಂತು. ಜೀವದ ಭಯಕ್ಕೆ ಅಷ್ಟು ಬೇಗ ಯಾರೂ ಗುಡ್ಡ ಹತ್ತುವುದಿಲ್ಲ. ಅವಮಾನಕ್ಕೆ ಹತ್ತುತ್ತಾರೆ. ಅವನು ಗಡಿ ದಾಟಿ ಹಾಲಮ್ಮನ ಮುಂದೆ ನಿಲ್ಲುವ ಹೊತ್ತಿಗೆ ಹಿಂದೆ ಬಂಡೆ ಸಿಡಿಯಿತು. ಒಂದು ದಿಂಡುಗಲ್ಲು ಉರುಳಿ ಹೋಗಿ ಅವನ ಕಂಬಳಿಯ ಮೇಲೆ ಕೂತಿತು. ಅವನು ತಿರುಗಿಯೂ ನೋಡಲಿಲ್ಲ.

"ನನ್ನ ಹೆಸ್ರು ಹಿಡ್ದು ಕೂಗಿದ್ಯಾ? ಲೇ ಅಂತ ಬೇರೆ?"

"ಹೂಂ ಭಾವ."

"ನಾಚ್ಕೆ ಆಗಲ್ವಾ?"

"ಆಗುತ್ತೆ ಭಾವ. ಮೊದ್ಲು ನಿಮ್ಮ ಕಂಬ್ಳಿ ನೋಡಿ, ಆಮೇಲೆ ಬೈರಿ."

ಅವನು ತಿರುಗಿ ನೋಡಿದ. ನಿಧಾನವಾಗಿ ನೆಲದ ಮೇಲೆ ಕೂತ. "ಕಂಬ್ಳಿ ಹೊಸ್ದು" ಎಂದ.

ಇನ್‌ಸ್ಪೆಕ್ಟರು ರಂಗರಾಯರನ್ನು ಕೇಳಿದರು, "ಆಕೆ ಮೊದಲೇ ಹೆಸರು ಕರೆಯಬಹುದಿತ್ತಲ್ಲ?" ರಾಯರು ಪೇಟ ಕೈಯಲ್ಲಿ ಹಿಡಿದು ವಿವರಿಸಿದರು. ಇನ್‌ಸ್ಪೆಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಮ್ಮ ಮನೆಯಲ್ಲೂ ಹೀಗೇ. ನಮ್ಮ ತಾಯಿ ಚಿಕ್ಕಂದಿನಲ್ಲಿ ನಮಗೆ ಮಗ್ಗಿ ಹೇಳಿಕೊಡುವಾಗ ಒಂದು ಸಂಖ್ಯೆಯನ್ನು ಬಿಟ್ಟುಬಿಡುತ್ತಿದ್ದರು. ಅದು ನಮ್ಮ ದೊಡ್ಡಪ್ಪನ ಅಡ್ಡಹೆಸರಿಗೆ ಹತ್ತಿರವಾಗುತ್ತಿತ್ತು" ಎಂದು ಹ್ಯಾಟು ತೆಗೆದು ನಕ್ಕರು. ನಕ್ಕು ಮುಗಿಸಿ, ಕಟ್ಟುನಿಟ್ಟಾಗಿ ಹೇಳಿದರು: "ಪರೀಕ್ಷೆಯಲ್ಲಿ ನೀವು ತಪ್ಪಿದಿರಿ. ಭಾವ ಅಂದರೆ ಯಾರು ಓಗೊಟ್ಟರೆಂದು ಗೊತ್ತಾಗದು. ತಮಟೆಯೂ ತಪ್ಪಿತು, ಕೂಗನ್ನು ಮುಚ್ಚಿತು. ಆದರೂ ಹೆಸರು ಕರೆದದ್ದರಿಂದ ಜೀವ ಉಳಿಯಿತು. ಎರಡನ್ನೂ ತಿದ್ದಿಕೊಂಡು ನಡೆಸಿ."

ತಿದ್ದಿಕೊಂಡೆವು. ಹೆಸರು ಕರೆಯದೆ, ಆ ಹೆಸರಿನವನೇ ಓಗೊಡದೆ ತಮಟೆ ಇಲ್ಲ. ತಮಟೆ ನಿಂತು, ಗುಡ್ಡ ಸುಮ್ಮನಾಗದೆ ಬೆಂಕಿ ಇಲ್ಲ. ಹಾಲಮ್ಮ ಗಡಿಯ ಆಚೆಗೆ ಬೇರೊಂದು ಕಲ್ಲು ಹುಡುಕಿಕೊಂಡಳು. ಹಳೆಯ ಕಲ್ಲು ಹೇಗೂ ದೇವರಾಗಿಬಿಟ್ಟಿತ್ತು. ಎಲ್ಲರನ್ನೂ ಕರೆದು ಮುಗಿಸಿ ಅವಳು ಬಾಯಿ ಮುಚ್ಚಿ ನಿಲ್ಲುವಳು. ಆಗ ಹನುಮಯ್ಯ ಒಂದೇ ಪೆಟ್ಟು ಬಡಿದು, "ಕರಿಬಸಪ್ಪಣ್ಣಾ!" ಎನ್ನುವನು. "ಏನದು? ಯಾಕೆ?" ಎಂದು ಕೆಳಗಿನಿಂದ ಉತ್ತರ ಬರುವುದು. ಅದಕ್ಕೆ ಗುಡ್ಡದ ಜನರೆಲ್ಲ ನಗುವುದು. ಇದು ಗಣಿ ಮುಚ್ಚುವವರೆಗೂ ನಡೆಯಿತು. ಆ ಗುಡ್ಡದಲ್ಲಿ ನನ್ನ ಕೈಯಿಂದ ಯಾರೂ ಸಾಯಲಿಲ್ಲ. ಹುಡುಗರೇ, ನಿಮಗೆ ಈಗ ಸೈರನ್ನು ಇದೆ, ಒಳ್ಳೆಯದೇ. ಅದು ಕೂಗಿದ ಮೇಲೆ ಯಾರು ಓಗೊಟ್ಟರೆಂದು ಒಮ್ಮೆ ಕೇಳಿಸಿಕೊಳ್ಳಿ.

ಅಣ್ಣ ಮೂರು ತಿಂಗಳು ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಆಮೇಲೆ ಹಿರಿಯರ ಮುಂದೆ ಹಾಲಮ್ಮ ಹೊಸ ಕಂಬಳಿ, ಕಾಯಿ, ಎಲೆಅಡಿಕೆ ಇಟ್ಟು ಅವನ ಪಾದ ಮುಟ್ಟಿದಳು.

"ಇನ್ನೊಂದ್ಸಲ ನನ್ನ ಹೆಸ್ರು ಎತ್ತಬೇಡ" ಎಂದ ಅಣ್ಣ.

"ಇನ್ನೊಂದ್ಸಲ ಅಲ್ಲಿ ಮಲಗ್ಬೇಡಿ" ಎಂದಳು ಹಾಲಮ್ಮ.

ಆದರೆ ಅವನು ಮಲಗಲು ಬೇರೆ ಇಳಿಜಾರಿಗೆ ಹೋದದ್ದನ್ನು ನಾನು ಕಾಣೆ. ಎಮ್ಮೆಗೆ ಬೇರೆ ಕಡೆ ಒಳ್ಳೆಯ ಹುಲ್ಲಿದ್ದರೂ ದಿನಾ ಅಲ್ಲಿಗೇ ಬರುತ್ತಿದ್ದ. ಸಾಯುವವರೆಗೂ, "ಇಡೀ ಸೀಮೇಲಿ ತಮ್ಮನ ಹೆಂಡ್ತಿ ಕೈಲಿ ಲೇ ಅನ್ನಿಸ್ಕೊಂಡೋನು ನಾನೊಬ್ನೇ" ಎಂದು ತರೀಕೆರೆಯ ಸಂತೆಯವರೆಗೂ ಹೇಳಿಕೊಂಡು ತಿರುಗಿದ. ಹೇಳುವಾಗ ಅವನ ಮುಖದಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ.

ಹಾಲಮ್ಮ ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ದನಿ ಸೋತಿತ್ತು, ತುಂಟತನ ಸೋತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ನಾನು ಕೇಳಿದೆ, "ಗುಡ್ಡದ ಮೇಲೆ ನೀನು ಎಲ್ಲರ ಹೆಸ್ರೂ ಕೂಗ್ದೆ. ಭಾವನ್ ಹೆಸ್ರೂ ಕೂಗ್ದೆ. ಬತ್ತಿ ಹಚ್ಚೋನು ನಾನು, ನನ್ನ ಮಾತ್ರ ಒಂದ್ಸಲಾನೂ ಕರೀಲಿಲ್ಲ. ಈಗ್ಲಾದ್ರೂ ಒಂದ್ಸಲ ಹೇಳು."

ಅವಳು ನನ್ನನ್ನು ನೋಡಿ ನಕ್ಕಳು. "ನೀವೇನು ಬಂಡೆ ಕೆಳಗೆ ಮಲಗಿದ್ದೀರಾ?" ಎಂದಳು.

ಅವಳ ಬಾಯಲ್ಲಿ ನನ್ನ ಹೆಸರನ್ನು ನಾನು ಕೇಳಲಿಲ್ಲ.